ಗಟಾರದ ನೀರಿಗೆ ಗಣಕದ ಲೆಕ್ಕ

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ದಾಟಿ, ಕಿತ್ತೂರು, ಬೈಲಹೊಂಗಲ ಸೀಮೆಯ ಹಳ್ಳಗಳನ್ನು ಕೂಡಿಸಿಕೊಂಡು ಸವದತ್ತಿಯ ನವಿಲುತೀರ್ಥ ಜಲಾಶಯ ಸೇರುತ್ತದೆ. ಅಲ್ಲಿಂದ ಮುಂದೆ ರಾಮದುರ್ಗ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳನ್ನು ಪಟ್ಟಿ ಮಾಡಿತು. ಕರ್ನಾಟಕದವು 17, ಖಾನಾಪುರದಿಂದ ರಾಮದುರ್ಗದವರೆಗಿನ ಮಲಪ್ರಭೆ ಅದರಲ್ಲಿ ಒಂದು. ಹುಬ್ಬಳ್ಳಿ–ಧಾರವಾಡದ ನಲ್ಲಿಗಳಿಗೂ ಇದೇ ಜಲಾಶಯದ ನೀರು ಹೋಗುತ್ತದೆ.

ಹೊಳೆ ಕೆಟ್ಟಿತೆಂದರೆ ಎಲ್ಲರ ಮಾತು ಒಳಚರಂಡಿಯತ್ತ ಹೊರಳುತ್ತದೆ. ಮಳೆನೀರನ್ನು ನೆನೆಯುವವರು ಕಡಿಮೆ. ಮುಂಗಾರಿನ ಮೊದಲ ಜೋರು ಮಳೆಗೆ ಪೇಟೆಯ ಕಸ, ಬಸ್‌ನಿಲ್ದಾಣದ ಎಣ್ಣೆ, ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಜಾತ್ರೆಗಳ ನಂತರ ಉಳಿದ ಪ್ಲಾಸ್ಟಿಕ್, ಹೊಲದ ಎರೆಮಣ್ಣು ಎಲ್ಲವೂ ಗಟಾರಕ್ಕಿಳಿದು ಹಳ್ಳ ಹಿಡಿಯುತ್ತವೆ. ಇದನ್ನು ದಾರಿಯಲ್ಲೇ ತಡೆಯಲೆಂದು ಹೂಳುಗುಂಡಿ, ಸುಳಿತೊಟ್ಟಿ, ಹುಲ್ಲುಗಾಲುವೆ, ಜೊಂಡು ಬೆಳೆಸಿದ ಕೊಳಗಳು ಹುಟ್ಟಿಕೊಂಡಿವೆ.

ಇವುಗಳ ಗಣಿತ ಹಳೆಯದು. ನೀರಿನಲ್ಲಿ ಕಣ ಎಷ್ಟು ಬೇಗ ಮುಳುಗುತ್ತದೆಂದು ಸ್ಟೋಕ್ಸ್ 1851ರಲ್ಲೇ ಸೂತ್ರ ಕೊಟ್ಟ. ತೊಟ್ಟಿಯ ಆಳಕ್ಕಿಂತ ಅದರ ಹರವು ಮುಖ್ಯವೆಂದು ಅಮೆರಿಕದ ಹೇಝನ್ 1904ರಲ್ಲಿ ತೋರಿಸಿದ. 1960ರ ದಶಕದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸ್ಮಿಸನ್, ನೀರನ್ನು ಸುಳಿ ತಿರುಗಿಸಿ ಕಲ್ಮಶ ಬೇರ್ಪಡಿಸುವ ತೊಟ್ಟಿ ಕಟ್ಟಿದ. ಆದರೆ ಪ್ರತಿ ವಿನ್ಯಾಸವನ್ನೂ ಸಣ್ಣ ಮಾದರಿ ಕಟ್ಟಿ, ನೀರು ಬಿಟ್ಟೇ ನೋಡಬೇಕಿತ್ತು.

ಎರಡು ಹೆಜ್ಜೆಗಳು ಈ ಕೆಲಸದ ರೀತಿ ಬದಲಿಸಿದವು. 1971ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ‘ಸ್ವಿಮ್’ ಎಂಬ ತಂತ್ರಾಂಶ ಹೊರತಂದಿತು: ಇಡೀ ಊರಿನ ಮಳೆ, ಇಳಿಜಾರು, ಗಟಾರಗಳನ್ನು ಗಣಕದೊಳಗೆ ಹರಿಸಿ ನೋಡುವ ಸಾಧನ. ಇಂದಿಗೂ ಅದು ಉಚಿತ. ಮರುವರ್ಷ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದ ಸುಹಾಸ್ ಪಾಟಣಕರ್, ಲಂಡನ್ನಿನಲ್ಲಿ ಸ್ಪಾಲ್ಡಿಂಗ್ ಜೊತೆಗೂಡಿ ದ್ರವದ ಹರಿವನ್ನು ಚೌಕಚೌಕವಾಗಿ ಲೆಕ್ಕ ಹಾಕುವ ವಿಧಾನ ಪ್ರಕಟಿಸಿದರು. ತೊಟ್ಟಿಯ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ನುಗ್ಗುತ್ತದೆ ಎಂಬುದು ಕಟ್ಟುವ ಮೊದಲೇ ಪರದೆಯ ಮೇಲೆ ಕಾಣತೊಡಗಿತು.

ಹಾಗೆಂದು ಪ್ರಯೋಗಾಲಯದ ಅಗತ್ಯ ತಪ್ಪಲಿಲ್ಲ. ಸಣ್ಣ ಮಳೆಯಲ್ಲಿ ಗುಂಡಿಯೊಳಗೆ ಕೂತ ಹೂಳು ದೊಡ್ಡ ಮಳೆಗೆ ಎದ್ದು ಹೊರಟುಹೋಗುತ್ತದೆಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಪರೀಕ್ಷೆಗಳು ತೋರಿಸಿದವು. ತೂತುಗಳಿರುವ ಒಂದು ತಡೆಹಲಗೆ ಇಟ್ಟಾಗ ಹೂಳು ನಿಂತಿತು.

ಎರೆಮಣ್ಣಿನ ಬೈಲಹೊಂಗಲದಲ್ಲಿ ಹೂಳು ಹಿಡಿಯುವ ಪ್ರಶ್ನೆ ಇನ್ನೂ ಕಠಿಣ. ಸ್ಟೋಕ್ಸ್ ಸೂತ್ರದಂತೆ 0.1 ಮಿ.ಮೀ. ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು. ಎರೆಮಣ್ಣಿನಲ್ಲಿ ಹೇರಳವಾಗಿರುವ, 0.002 ಮಿ.ಮೀ.ಗಿಂತ ದೊಡ್ಡದಲ್ಲದ ಜೇಡಿಕಣಕ್ಕೆ ಕನಿಷ್ಠ ಮೂರು ದಿನ ಬೇಕು. ಮರಳು ಹಿಡಿಯಲು ರೂಪಿಸಿದ ವಿದೇಶಿ ತೊಟ್ಟಿಯನ್ನು ಇಲ್ಲಿ ತಂದು ಹೂತರೆ ರಾಡಿನೀರು ರಾಡಿಯಾಗಿಯೇ ಹೊರಬರುತ್ತದೆ. ಇಲ್ಲಿ ಬೇಕಾದದ್ದು ಗುಂಡಿಯ ಜೊತೆಗೆ ನೀರನ್ನು ದಿನಗಟ್ಟಲೆ ನಿಲ್ಲಿಸುವ ಕೊಳ. ಕೊಳ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕಕ್ಕೇ ಗಣಕ ಬೇಕು.

ನಮ್ಮಲ್ಲೂ ಕೆಲಸ ಶುರುವಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆಂಗಳೂರಿಗೆ ಪ್ರವಾಹ ಮಾದರಿ ರೂಪಿಸಿವೆ. ಕೇಂದ್ರ ಸರ್ಕಾರ 2019ರಲ್ಲಿ ಮಳೆನೀರು ಚರಂಡಿಗಳಿಗೆಂದೇ ಕೈಪಿಡಿ ತಂದಿದೆ. ಎರಡರಲ್ಲೂ ನೀರು ಎಷ್ಟು ಎಂಬುದಕ್ಕೆ ಸಿಕ್ಕ ಗಮನ, ನೀರು ಎಂಥದು ಎಂಬುದಕ್ಕೆ ಸಿಕ್ಕಿಲ್ಲ. ಸಣ್ಣ ಊರುಗಳಂತೂ ಲೆಕ್ಕದ ಹೊರಗೇ ಉಳಿದಿವೆ.

ತಂತ್ರಾಂಶ ಪುಕ್ಕಟೆ ಸಿಗುತ್ತದೆ; ಊರಿನ ಅಳತೆ ಸಿಗುವುದಿಲ್ಲ. ಬೆಳಗಾವಿಯಲ್ಲೇ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಸಿವಿಲ್ ವಿದ್ಯಾರ್ಥಿಗಳು ಬರುವ ಮುಂಗಾರಿನಲ್ಲಿ ಮಲಪ್ರಭೆ ಸೀಮೆಯ ಈ ಊರುಗಳ ಗಟಾರದ ಬಾಯಿಯಲ್ಲಿ ಹತ್ತತ್ತು ನಿಮಿಷಕ್ಕೊಂದು ಬಾಟಲಿ ನೀರು ಹಿಡಿದು, ಮಣ್ಣನ್ನು ತೂಗಿ ಬರೆದಿಡಲಿ. ಪುರಸಭೆಗಳು ಆ ಅಂಕಿಗಳನ್ನು ನೋಡದೆ ತೊಟ್ಟಿಗೆ ಟೆಂಡರ್ ಕರೆಯಬಾರದು.