ಧೈರ್ಯ ಹೇಳುವ ಮೊದಲು ಕೇಳಬೇಕು: ಆತ್ಮಹತ್ಯೆ ತಡೆಯಲ್ಲಿ ಆಪ್ತರ ಪಾತ್ರ, ಶಿವಮೊಗ್ಗ–ಭದ್ರಾವತಿಯ ಹಿನ್ನೆಲೆಯಲ್ಲಿ

ಪ್ರಸ್ತಾವನೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರು. ಅವರಲ್ಲಿ 13,606 ಮಂದಿ ಕರ್ನಾಟಕದವರು. ದೇಶದ ಪ್ರಕರಣಗಳಲ್ಲಿ ಶೇ. 31.7ರಷ್ಟಕ್ಕೆ ಕೌಟುಂಬಿಕ ಸಮಸ್ಯೆ, ಶೇ. 18.4ರಷ್ಟಕ್ಕೆ ಕಾಯಿಲೆ ಕಾರಣವೆಂದು ದಾಖಲಾಗಿದೆ. ಪೊಲೀಸ್ ದಾಖಲೆ ಒಂದು ಸಾವಿಗೆ ಒಂದು ಕಾರಣ ಬರೆಯುತ್ತದೆ. ಮನೋವೈದ್ಯರು ಹಾಗೆ ನೋಡುವುದಿಲ್ಲ. ಖಿನ್ನತೆ, ಕುಡಿತ, ಸಾಲ, ದೀರ್ಘ ಕಾಯಿಲೆ, ಅವಮಾನ, ಒಂಟಿತನ ಇವು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಆದರೂ ಈ ಅಂಕಿಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದಾಖಲಾದ ಕಾರಣಗಳಲ್ಲಿ ಹೆಚ್ಚಿನವು ವೈದ್ಯರಿಗಿಂತ ಮೊದಲು ಮನೆಯವರ, ಗೆಳೆಯರ, ಸಹೋದ್ಯೋಗಿಗಳ ಕಣ್ಣಿಗೆ ಬೀಳುವಂಥವು. ಆಪ್ತರು ಮಾಡಬಹುದಾದ ಕೆಲಸಗಳಲ್ಲಿ ನೇರವಾಗಿ ಕೇಳುವುದು, ಆಮೇಲೆ ಸಂಪರ್ಕ ಬಿಡದಿರುವುದು ಇವೆರಡಕ್ಕೆ ಗಟ್ಟಿಯಾದ ಸಂಶೋಧನಾ ಆಧಾರವಿದೆ ಎಂಬುದು ಈ ಲೇಖನದ ವಾದ.

ಎರಡು ಊರುಗಳ ಹಿನ್ನೆಲೆ

2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ, ಭದ್ರಾವತಿಯದು ಸುಮಾರು 1.51 ಲಕ್ಷ. ಬ್ಯೂರೋದ ವರದಿ ಮಹಾನಗರಗಳ ಅಂಕಿಗಳನ್ನು ಮಾತ್ರ ಪ್ರತ್ಯೇಕವಾಗಿ ಕೊಡುವುದರಿಂದ ಇಂಥ ಊರುಗಳ ಸ್ಥಿತಿ ರಾಜ್ಯದ ಮೊತ್ತದೊಳಗೆ ಕರಗಿಹೋಗುತ್ತದೆ.

ಭದ್ರಾವತಿಯನ್ನು ಕಟ್ಟಿದ್ದು ಎರಡು ಕಾರ್ಖಾನೆಗಳು. ಒಂದು, 1923ರಲ್ಲಿ ಉತ್ಪಾದನೆ ಆರಂಭಿಸಿದ, ಇಂದು ವಿಐಎಸ್‌ಎಲ್ ಎಂದು ಕರೆಯಲಾಗುವ ಕಬ್ಬಿಣ ಕಾರ್ಖಾನೆ. ಇನ್ನೊಂದು, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ. ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಕಳೆದಿವೆ. ವಿಐಎಸ್‌ಎಲ್ ಮುಚ್ಚಲು 2023ರ ಜನವರಿಯಲ್ಲಿ ಅದರ ಮಾಲೀಕ ಸಂಸ್ಥೆಯಾದ ಸೈಲ್‌ನ ಆಡಳಿತ ಮಂಡಳಿ ಒಪ್ಪಿಗೆ ನೀಡಿದಾಗ ಗುತ್ತಿಗೆ ಕಾರ್ಮಿಕರು ದೀರ್ಘ ಹೋರಾಟಕ್ಕೆ ಇಳಿದರು. ಕಾರ್ಖಾನೆ ಮುಚ್ಚಿದ್ದರಿಂದಲೇ ಸಾವುಗಳಾಗುತ್ತವೆ ಎಂಬ ಸರಳ ತೀರ್ಮಾನಕ್ಕೆ ಇದರಿಂದ ಬರುವಂತಿಲ್ಲ. ಆದರೆ ಶಿಫ್ಟ್ ಎಂಬುದು ಸಂಬಳದ ವ್ಯವಸ್ಥೆಯಷ್ಟೇ ಆಗಿರಲಿಲ್ಲ. ಗೇಟಿನಲ್ಲಿ ಒಬ್ಬ ಕಾಣಿಸದಿದ್ದರೆ, 'ಯಾಕೋ ಬಂದಿಲ್ಲ, ಹುಷಾರಿಲ್ವಾ?' ಎಂದು ಜೊತೆಗಾರರು ಅದೇ ದಿನ ಕ್ವಾರ್ಟರ್ಸ್ ಬಾಗಿಲಿಗೆ ಬರಬಹುದಿತ್ತು. ಕೆಲಸ ಹೋದಾಗ ವರಮಾನದ ಜೊತೆಗೆ ಈ ವಿಚಾರಣೆಯೂ ನಿಲ್ಲುತ್ತದೆ. ಇಂಥ ಊರಿನಲ್ಲಿ ಹಳೆಯ ಸಹೋದ್ಯೋಗಿಯ ಒಂದು ಫೋನ್ ಕರೆಯ ಮಹತ್ವವನ್ನು ಈ ಹಿನ್ನೆಲೆಯಲ್ಲೇ ಅರಿಯಬೇಕು.

ಕೇಳಿದರೆ ಕೆಡುಕಾಗುತ್ತದೆಯೇ?

ಸಾವಿನ ಮಾತೆತ್ತಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆ ನಮ್ಮಲ್ಲಿ ಆಳವಾಗಿದೆ. ಸಂಶೋಧನೆ ಇದನ್ನು ಸಮರ್ಥಿಸುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಎದುರಿಸಿದವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. ಖಿನ್ನತೆಯ ಲಕ್ಷಣವಿದ್ದವರಲ್ಲಿ ಪ್ರಶ್ನೆ ಕೇಳಿಸಿಕೊಂಡವರ ಸಂಕಟ, ಕೇಳಿಸಿಕೊಳ್ಳದವರದಕ್ಕಿಂತ ಕಡಿಮೆಯೇ ಇತ್ತು.

'ಸುಮ್ನಿರೋ, ಎಲ್ಲಾ ಸರಿಹೋಗುತ್ತೆ', 'ನಿಂಗೇನು ಕಮ್ಮಿಯಾಗಿದೆ?', 'ಮಕ್ಕಳ ಮುಖ ನೋಡಿಕೊಂಡಾದ್ರೂ ಧೈರ್ಯ ತಗೋ' ಎಂಬ ಮಾತುಗಳು ಪ್ರೀತಿಯಿಂದಲೇ ಬರುತ್ತವೆ. ಆದರೆ ನೊಂದವರ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಮೂರನೆಯ ಮಾತಂತೂ, ತಾನು ಮನೆಯವರಿಗೆ ಹೊರೆ ಎಂದು ಈಗಾಗಲೇ ನಂಬಿದವನ ತಪ್ಪಿತಸ್ಥ ಭಾವವನ್ನು ಇನ್ನಷ್ಟು ಹೆಚ್ಚಿಸಬಹುದು. ಇದರ ಬದಲು ಗೆಳೆಯ ಹೀಗೆ ಕೇಳಬಹುದು: 'ತುಂಬಾ ದಿನದಿಂದ ನೋಡ್ತಿದ್ದೀನಿ, ನೀನು ಮೊದಲಿನ ಹಾಗಿಲ್ಲ. ಬದುಕೋದೇ ಬೇಡ, ಸಾಯಬೇಕು ಅಂತ ಏನಾದ್ರೂ ಅನ್ನಿಸ್ತಿದೆಯೇನೋ?' ಉತ್ತರ 'ಹೌದು' ಎಂದಾದರೆ ಬೈಗುಳವಾಗಲಿ ಉಪದೇಶವಾಗಲಿ ಬೇಡ. 'ಹೇಳಿದ್ದು ಒಳ್ಳೇದಾಯ್ತು. ನಾನಿಲ್ಲೇ ಇರ್ತೀನಿ. ಎಷ್ಟು ದಿನದಿಂದ ಹೀಗನ್ನಿಸ್ತಿದೆ?' ಎಂದರೆ ಮಾತು ಮುಂದುವರಿಯುತ್ತದೆ. 'ಯಾರಿಗೂ ಹೇಳಬೇಡ' ಎಂದು ಅವರು ಆಣೆ ಹಾಕಿಸಲು ಬಂದರೆ ಮಾತ್ರ ಒಪ್ಪಬಾರದು. ಜೀವದ ಪ್ರಶ್ನೆ ಬಂದಾಗ ಗುಟ್ಟು ಕಾಪಾಡುವುದಕ್ಕಿಂತ ಜೀವ ಕಾಪಾಡುವುದು ದೊಡ್ಡದು.

ಯಾವಾಗ ಕೇಳಬೇಕು? 'ನಾನಿಲ್ಲದಿದ್ದರೆ ನಿಮಗೆಲ್ಲಾ ನೆಮ್ಮದಿ' ಎಂಬ ಮಾತು, ವಿದಾಯದ ಧಾಟಿ, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ನಿದ್ರೆ ಕೆಡುವುದು, ಕುಡಿತ ಹೆಚ್ಚುವುದು, ಜನರಿಂದ ದೂರ ಸರಿಯುವುದು ಇವು ಎಚ್ಚರಿಕೆಯ ಗುರುತುಗಳು. ಹಿಂದೊಮ್ಮೆ ಪ್ರಯತ್ನಿಸಿದವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಬಿಡದ ಸಂಪರ್ಕ

ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು ಅಪಾಯದ ಕಾಲ. ಗಂಡಾಂತರ ಕಳೆಯಿತೆಂದು ಬಂಧುಬಳಗ ಚದುರುವುದೂ ಆಗಲೇ. ಚೆನ್ನೈ ಸೇರಿದಂತೆ ಐದು ದೇಶಗಳ ಐದು ಕೇಂದ್ರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನ ಈ ದೃಷ್ಟಿಯಿಂದ ಬಹಳ ಮುಖ್ಯ. ಪ್ರಯತ್ನದಿಂದ ಬದುಕುಳಿದ 1,867 ಮಂದಿಯಲ್ಲಿ ಒಂದು ಗುಂಪಿಗೆ ರೂಢಿಯ ಚಿಕಿತ್ಸೆ ಮಾತ್ರ ದೊರೆಯಿತು. ಇನ್ನೊಂದು ಗುಂಪಿನೊಡನೆ ಹೆಚ್ಚುವರಿಯಾಗಿ ಒಂದು ಗಂಟೆ ಮಾತನಾಡಿ, ನಂತರದ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿ ಅಥವಾ ಭೇಟಿಯಾಗಿ ವಿಚಾರಿಸಲಾಯಿತು. ಮೊದಲ ಗುಂಪಿನಲ್ಲಿ ಶೇ. 2.2ರಷ್ಟು ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರೆ, ವಿಚಾರಿಸಿದ ಗುಂಪಿನಲ್ಲಿ ಅದು ಶೇ. 0.2 ಮಾತ್ರ. ಅಲ್ಲಿ ಈ ಕೆಲಸ ಮಾಡಿದವರು ತರಬೇತಾದ ಸಿಬ್ಬಂದಿ, ನಿಜ. ಆದರೆ ಅವರು ಬಳಸಿದ ಉಪಾಯದಲ್ಲಿ ಆಪ್ತರ ಕೈಗೆಟುಕದಂಥದ್ದು ಹೆಚ್ಚೇನೂ ಇಲ್ಲ.

ಮನೆಯ ಸುರಕ್ಷತೆ, ಆಸ್ಪತ್ರೆಯ ದಾರಿ

ಸಾಯುವ ಯೋಚನೆ ತೀವ್ರವಾಗಿರುವ ಹೊತ್ತು ಸಾಮಾನ್ಯವಾಗಿ ಅಲ್ಪಕಾಲದ್ದು. ಆ ಹೊತ್ತು ದಾಟಿಸಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಅಡಿಕೆ ತೋಟ, ಗದ್ದೆಗಳಿರುವ ಈ ಸೀಮೆಯಲ್ಲಿ ಕೃಷಿ ಔಷಧಿಗಳನ್ನು ಮನೆಯಿಂದ ಹೊರಗೆ ಸಾಗಿಸುವುದು, ಮಾತ್ರೆಗಳನ್ನು ಇನ್ನೊಬ್ಬರ ವಶದಲ್ಲಿಡುವುದು, ಅಪಾಯವಿದೆ ಎನಿಸಿದಾಗ ಒಂಟಿಯಾಗಿ ಬಿಡದಿರುವುದು ಮನೆಯವರ ಮೊದಲ ಕೆಲಸ.

ಎದೆನೋವು ಎಂದವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವಂತೆ ಇಲ್ಲಿಯೂ ಜೊತೆಯಲ್ಲಿ ಹೋಗಬೇಕು. ಶಿವಮೊಗ್ಗದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾದ ಮೆಗ್ಗಾನ್ ಇದೆ. 2016ರಲ್ಲಿ ನಿಧನರಾದ ಮನೋವೈದ್ಯ ಡಾ. ಅಶೋಕ್ ಪೈ ಅವರು ಮಾನಸ ಸಂಸ್ಥೆಯ ಮೂಲಕ, ಬರಹದ ಮೂಲಕ ಮನೋರೋಗದ ಮಾತನ್ನು ಜನರ ನಡುವೆ ತಂದದ್ದೂ ಇದೇ ಊರಿನಲ್ಲಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಬಸ್ ಪ್ರಯಾಣ. ದಾರಿ ದೂರವಲ್ಲದಿದ್ದರೂ 'ಹುಚ್ಚಿನ ಡಾಕ್ಟರ ಹತ್ತಿರ ಹೋದ' ಎಂಬ ಮಾತಿನ ಭಯಕ್ಕೆ ಎಷ್ಟೋ ಜನ ಹೊರಡುವುದೇ ಇಲ್ಲ. ಪಕ್ಕದ ಸೀಟಿನಲ್ಲಿ ಕೂತು ಜೊತೆಗೆ ಬರುವವರಿದ್ದರೆ ಆ ಭಯ ಅರ್ಧ ಇಳಿಯುತ್ತದೆ.

'ಪೊಲೀಸ್ ಕೇಸ್ ಆಗುತ್ತೆ' ಎಂಬ ಹೆದರಿಕೆಯೂ ಚಿಕಿತ್ಸೆಗೆ ಅಡ್ಡಿ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿ, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಅವರ ಆರೈಕೆ, ಚಿಕಿತ್ಸೆ, ಪುನರ್ವಸತಿ ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲ.

ಉಪಸಂಹಾರ

ಆಪ್ತರು ವೈದ್ಯರಾಗಬೇಕಿಲ್ಲ. ಕೇಳುವುದು, ಕೂಡಿ ಹೋಗುವುದು, ಮತ್ತೆ ಮತ್ತೆ ವಿಚಾರಿಸುವುದು ಅವರ ಪಾಲಿನ ಕೆಲಸ. ಈ ಭಾರವನ್ನೂ ಒಬ್ಬರೇ ಹೊರಬಾರದು, ಇನ್ನಿಬ್ಬರು ನಂಬಿಕಸ್ಥರನ್ನು ಸೇರಿಸಿಕೊಳ್ಳಬೇಕು. ಎಲ್ಲವನ್ನೂ ಮಾಡಿಯೂ ಒಬ್ಬರನ್ನು ಕಳೆದುಕೊಂಡ ಮನೆಯವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಅವರಿಗೂ ಇದೇ ಆರೈಕೆ ಸಲ್ಲಬೇಕು. ಕಾರ್ಮಿಕ ಸಂಘಗಳು, ಸ್ವಸಹಾಯ ಗುಂಪುಗಳು, ಕಾಲೇಜುಗಳು ತಮ್ಮ ಸದಸ್ಯರಿಗೆ ಈ ಕೆಲಸದ ತರಬೇತಿ ಕೊಡಿಸಲಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ನೊಂದವರು ಮಾತ್ರವಲ್ಲ, ಅವರ ಬಗ್ಗೆ ಆತಂಕವಿರುವವರೂ ಕರೆ ಮಾಡಬಹುದು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ನಿಮ್ಮ ಆಪ್ತರೊಬ್ಬರ ಬಗ್ಗೆ ಅನುಮಾನ ಮೂಡಿದ್ದರೆ ನಾಳೆಗೆ ಮುಂದೂಡದೆ ಇಂದೇ ಕೇಳಿ.