‘ಐ7 ಇದೆ, 4 ಜಿಬಿ ಗ್ರಾಫಿಕ್ಸ್ ಇದೆ’ ಅಂದರೆ ಗೇಮಿಂಗ್ ಕಂಪ್ಯೂಟರ್ ಆಗುತ್ತದೆಯೇ?

ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಮುಂಭಾಗದಲ್ಲಿ ಮಿನುಗುವ ಬಣ್ಣದ ದೀಪಗಳು. ಬೆಲೆ ಮಾತ್ರ ಹದಿನೈದಿಪ್ಪತ್ತು ಸಾವಿರ. ಎಲ್ಲ ಗೇಮ್‌ಗಳೂ ಓಡುತ್ತವೆ ಎಂಬ ಭರವಸೆ ಹೊತ್ತ ಇಂಥ ಜಾಹೀರಾತುಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತವೆ. ಮಕ್ಕಳು ಕೇಳಿದರೆಂದು ಪೋಷಕರು, ಮೊದಲ ಸಂಬಳ ಕೂಡಿಟ್ಟ ಯುವಕರು ನಂಬಿ ಹಣ ಕೊಡುತ್ತಾರೆ. ಮನೆಗೆ ತಂದ ಮೇಲೆ ಗೇಮ್ ತೆವಳುತ್ತದೆ, ಕೆಲವೊಮ್ಮೆ ತೆರೆದುಕೊಳ್ಳುವುದೇ ಇಲ್ಲ.

ವಿಚಿತ್ರವೆಂದರೆ, ಜಾಹೀರಾತಿನಲ್ಲಿ ಬರೆದ ಪ್ರತಿ ಸಂಖ್ಯೆಯೂ ನಿಜವೇ ಇರಬಹುದು. ಗೇಮಿಂಗ್‌ಗೆ ನಿಜಕ್ಕೂ ಮುಖ್ಯವಾದ ವಿವರಗಳನ್ನು ಮಾತ್ರ ಅಲ್ಲಿ ಬಿಟ್ಟಿರುತ್ತಾರೆ. ಆ ವಿವರಗಳು ಯಾವುವು, 60–80 ಸಾವಿರ ರೂಪಾಯಿಯ ಮಧ್ಯಮ ಬಜೆಟ್‌ನಲ್ಲಿ ಯಾವ ಭಾಗಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬುದನ್ನು ನೋಡೋಣ.

ನಂಬಿಕೆ 1: ಐ7 ಇದ್ದರೆ ಸಾಕು, ವೇಗ ಖಚಿತ

ವಾಸ್ತವ: ಐ7 ಎಂಬುದು 2008ರಿಂದ ಇರುವ ಹೆಸರು. ಯಾವ ತಲೆಮಾರಿನ ಐ7 ಎಂದು ಹೇಳದಿದ್ದರೆ ಆ ಹೆಸರಿಗೆ ಅರ್ಥವಿಲ್ಲ. 2011ರಲ್ಲಿ ಬಂದ ಐ7-2600ಕ್ಕೆ 4 ಕೋರ್, 8 ಥ್ರೆಡ್. 2022ರಲ್ಲಿ ಬಂದ ಐ3-12100ಕ್ಕೂ ಅಷ್ಟೇ ಕೋರ್, ಅಷ್ಟೇ ಥ್ರೆಡ್. ಆದರೂ ಹೊಸ ಐ3ಯ ಮುಂದೆ ಹಳೆಯ ಐ7 ನಿಲ್ಲಲಾರದು. ಹೊಸ ಚಿಪ್‌ನ ಒಂದೊಂದು ಕೋರ್ ಅದೇ ಸಮಯದಲ್ಲಿ ಹೆಚ್ಚು ಕೆಲಸ ಮುಗಿಸುತ್ತದೆ.

ತಲೆಮಾರು ತಿಳಿಯುವುದು ಸುಲಭ. ಹೆಸರಿನ ಮುಂದಿನ ಸಂಖ್ಯೆಯಲ್ಲಿ ಕೊನೆಯ ಮೂರು ಅಂಕಿ ಬಿಟ್ಟು ಉಳಿದದ್ದನ್ನು ಓದಿ. ಐ7-2600 ಎಂದರೆ 2ನೇ ತಲೆಮಾರು, ಐ5-12400 ಎಂದರೆ 12ನೇ ತಲೆಮಾರು.

ಹಳೆಯ ಚಿಪ್‌ನ ತೊಂದರೆ ವೇಗಕ್ಕಷ್ಟೇ ಸೀಮಿತವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿರುವ ಇಂಟೆಲ್ ಚಿಪ್‌ಗಳು ಬಹುತೇಕ 8ನೇ ತಲೆಮಾರು ಮತ್ತು ಅದರ ನಂತರದವು. ವ್ಯಾಲರಂಟ್‌ನಂಥ ಗೇಮ್ ವಿಂಡೋಸ್ 11ರಲ್ಲಿ ಓಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳು ಇರಲೇಬೇಕು. 2011ರ ಬೋರ್ಡ್‌ಗಳಲ್ಲಿ ಟಿಪಿಎಂ 2.0 ಇಲ್ಲ.

ಮಧ್ಯಮ ಬಜೆಟ್‌ಗೆ 6 ಕೋರ್, 12 ಥ್ರೆಡ್‌ನ ಈಚಿನ ಚಿಪ್ ಸಾಕು. ರೈಜನ್ 5 5600, ರೈಜನ್ 5 7600, ಐ5-12400ಎಫ್ ಈ ಗುಂಪಿನವು.

ನಂಬಿಕೆ 2: ಗ್ರಾಫಿಕ್ಸ್ ಕಾರ್ಡ್‌ನ ಜಿಬಿ ಹೆಚ್ಚಿದ್ದಷ್ಟೂ ಒಳ್ಳೆಯದು

ವಾಸ್ತವ: ಪರದೆಯ ಮೇಲಿನ ಚಿತ್ರವನ್ನು ಬಿಡಿಸುವುದು ಗ್ರಾಫಿಕ್ಸ್ ಚಿಪ್. ಕಾರ್ಡ್‌ನ ಮೆಮೊರಿ ಅದಕ್ಕೆ ಬೇಕಾದ ಸಾಮಗ್ರಿ ಇಡುವ ಜಾಗ. ಅಡುಗೆಮನೆಯ ಕಟ್ಟೆ ಎಷ್ಟೇ ದೊಡ್ಡದಿದ್ದರೂ ಒಲೆ ಒಂದೇ ಇದ್ದರೆ ಊಟ ಬೇಗ ಸಿದ್ಧವಾಗುವುದಿಲ್ಲ.

2014ರ ಜಿಟಿ 730 ಕಾರ್ಡ್ 4 ಜಿಬಿ ಡಿಡಿಆರ್3 ಮೆಮೊರಿಯೊಂದಿಗೂ ಬಂದಿದೆ. 2019ರ ಜಿಟಿಎಕ್ಸ್ 1650 ಕೂಡ 4 ಜಿಬಿಯದೇ. ಮೊದಲನೆಯದರ ಮೆಮೊರಿ ವೇಗ ಸೆಕೆಂಡಿಗೆ 30 ಜಿಬಿಗಿಂತ ಕಡಿಮೆ, ಎರಡನೆಯದರದು 128 ಜಿಬಿ. ಇನ್ನೊಂದು ಉದಾಹರಣೆ ನೋಡಿ. ಆರ್‌ಟಿಎಕ್ಸ್ 3060 ಕಾರ್ಡ್‌ಗೆ 12 ಜಿಬಿ, ಆರ್‌ಟಿಎಕ್ಸ್ 3060 ಟಿಐಗೆ 8 ಜಿಬಿ. ಹೆಚ್ಚಿನ ಗೇಮ್‌ಗಳಲ್ಲಿ ವೇಗವಾಗಿ ಓಡುವುದು 8 ಜಿಬಿಯದು, ಏಕೆಂದರೆ ಅದರ ಚಿಪ್ ದೊಡ್ಡದು.

ಹಾಗೆಂದು ಮೆಮೊರಿಯನ್ನು ಕಡೆಗಣಿಸುವಂತಿಲ್ಲ. ಜಾಗ ಸಾಲದಿದ್ದರೆ ಗೇಮ್ ನಡುನಡುವೆ ಎಡವುತ್ತದೆ. ಹೊಸ ಕಾರ್ಡ್ ಕೊಳ್ಳುವವರು 8 ಜಿಬಿಗಿಂತ ಕೆಳಗಿಳಿಯದಿರುವುದು ಒಳ್ಳೆಯದು. ಮೊದಲು ಕಾರ್ಡ್‌ನ ಪೂರ್ತಿ ಹೆಸರು ಕೇಳಿ, ಜಿಬಿ ಆಮೇಲೆ.

ನಂಬಿಕೆ 3: ರ‍್ಯಾಮ್ ಹೆಚ್ಚಿಸಿದರೆ ಗೇಮ್ ವೇಗವಾಗುತ್ತದೆ

ವಾಸ್ತವ: ಸಾಲದಿದ್ದಾಗ ಹೆಚ್ಚಿಸಿದರೆ ಖಂಡಿತ ಲಾಭ. ಸಾಕಷ್ಟಿದ್ದಾಗ ಇನ್ನಷ್ಟು ಸೇರಿಸಿದರೆ ವ್ಯತ್ಯಾಸ ಕಾಣುವುದಿಲ್ಲ. ಈಗ 16 ಜಿಬಿ ಕನಿಷ್ಠ ಮಟ್ಟ. ಕೈಗೆಟುಕಿದರೆ 32 ಜಿಬಿ ನಿರಾಳ.

ಎಷ್ಟು ಜಿಬಿ ಎಂಬಷ್ಟೇ ಮುಖ್ಯವಾದದ್ದು ಹೇಗೆ ಹಾಕುತ್ತೇವೆ ಎಂಬುದು. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಉತ್ತಮ. ಡಿಡಿಆರ್4-3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಜೋಡಿಯಾಗಿ ಹಾಕಿದರೆ 51.2 ಜಿಬಿ. ಗುಂಡಿಗಳು ನಾಲ್ಕಿದ್ದರೆ ಯಾವ ಎರಡರಲ್ಲಿ ಹಾಕಬೇಕೆಂದು ಬೋರ್ಡ್‌ನ ಕೈಪಿಡಿಯಲ್ಲಿ ಇರುತ್ತದೆ.

ನಂಬಿಕೆ 4: ಎಸ್‌ಎಂಪಿಎಸ್ ಯಾವುದಾದರೇನು, ವಾಟ್ ಇದ್ದರಾಯಿತು

ವಾಸ್ತವ: ಇದು ಅತ್ಯಂತ ದುಬಾರಿಯಾಗುವ ತಪ್ಪು. ಉಳಿದ ಎಲ್ಲ ಭಾಗಗಳಿಗೂ ಕರೆಂಟ್ ಹೋಗುವುದು ಈ ಡಬ್ಬಿಯ ಮೂಲಕವೇ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗಳನ್ನೂ ಜೊತೆಗೆ ಕೆಡಿಸಬಹುದು.

ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಡಬ್ಬಿಯ ಮೇಲೆ 450 ವಾಟ್ ಎಂದು ಬರೆದಿರಬಹುದು. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲನ್ನು ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಬಳಸುವುದು ಈ ಸಾಲನ್ನೇ. ಅಲ್ಲಿ 16 ಆಂಪ್ ಎಂದಿದ್ದರೆ 12×16, ಅಂದರೆ 192 ವಾಟ್ ಮಾತ್ರ ಗೇಮಿಂಗ್‌ಗೆ ಸಿಗುತ್ತದೆ.

‘80 ಪ್ಲಸ್’ ಗುರುತು ಎಷ್ಟು ಕರೆಂಟ್ ಶಾಖವಾಗಿ ಪೋಲಾಗುತ್ತದೆ ಎಂಬುದನ್ನು ಸೂಚಿಸುತ್ತದೆ. ಅದೊಂದೇ ಸುರಕ್ಷತೆಯ ಖಾತರಿಯಲ್ಲ. ಆದ್ದರಿಂದ ಗುರುತಿನ ಜೊತೆಗೆ ಹೆಸರುವಾಸಿ ಕಂಪನಿ ಮತ್ತು ದೀರ್ಘ ವಾರಂಟಿಯನ್ನೂ ನೋಡಿ. ಆರ್‌ಟಿಎಕ್ಸ್ 4060 ಕಾರ್ಡ್‌ಗೆ 115 ವಾಟ್, ಆರ್‌ಎಕ್ಸ್ 7600ಕ್ಕೆ 165 ವಾಟ್ ಬೇಕು. ಈ ಮಟ್ಟದ ಕಂಪ್ಯೂಟರ್‌ಗೆ ಒಳ್ಳೆಯ 550 ವಾಟ್‌ನ ಎಸ್‌ಎಂಪಿಎಸ್ ಧಾರಾಳವಾಯಿತು.

ಕರೆಂಟ್ ಆಗಾಗ ಹೋಗುವ ಊರಿನವರು ಯುಪಿಎಸ್ ಬಗ್ಗೆಯೂ ಯೋಚಿಸಬೇಕು. 600 ವಿಎ ಎಂದರೆ 600 ವಾಟ್ ಅಲ್ಲ, ಸಾಮಾನ್ಯವಾಗಿ 360 ವಾಟ್. ಅದು ಗೇಮ್ ಮುಂದುವರಿಸಲು ಅಲ್ಲ, ಸೇವ್ ಮಾಡಿ ಕಂಪ್ಯೂಟರ್ ಆರಿಸುವಷ್ಟು ಸಮಯಕ್ಕೆ.

ಹಾಗಾದರೆ ಹಣ ಹಂಚುವುದು ಹೇಗೆ?

ಮೊದಲು ಮಾನಿಟರ್ ಯಾವುದೆಂದು ತೀರ್ಮಾನಿಸಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ, 1440ಪಿ ಪರದೆಯಲ್ಲಿ 36.9 ಲಕ್ಷ, 4ಕೆ ಪರದೆಯಲ್ಲಿ 82.9 ಲಕ್ಷ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಈ ಎಲ್ಲ ಚುಕ್ಕೆಗಳನ್ನೂ 60 ಸಲ ಹೊಸದಾಗಿ ಬಿಡಿಸಬೇಕು. 4ಕೆ ಟಿವಿಗೆ ಜೋಡಿಸಿದರೆ ಕೆಲಸ ನಾಲ್ಕು ಪಟ್ಟು. ಮಧ್ಯಮ ಬಜೆಟ್‌ಗೆ 1080ಪಿ ಸರಿಯಾದ ಜೋಡಿ, ಸ್ವಲ್ಪ ಹೆಚ್ಚು ಹಣವಿದ್ದರೆ 1440ಪಿ.

ಮಾನಿಟರ್ ಬಿಟ್ಟು 70,000 ರೂಪಾಯಿ ಇದೆ ಎಂದುಕೊಳ್ಳಿ. ಒಂದು ಅಂದಾಜು ಹೀಗಿರಬಹುದು:

• ಗ್ರಾಫಿಕ್ಸ್ ಕಾರ್ಡ್: ಶೇ 35–40, ಅಂದರೆ 25–28 ಸಾವಿರ
• ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಸೇರಿ: ಸುಮಾರು ಶೇ 30, ಅಂದರೆ 21 ಸಾವಿರ
• ಉಳಿದದ್ದರಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್

ಮೆಮೊರಿ ಚಿಪ್‌ಗಳ ಬೆಲೆ ಬೇಗ ಏರಿಳಿಯುತ್ತದೆ. ಅದು ಏರಿದಾಗ ಕ್ಯಾಬಿನೆಟ್‌ನ ದೀಪ, ಅಲಂಕಾರಗಳಲ್ಲಿ ಉಳಿಸಿ. ಎಸ್‌ಎಂಪಿಎಸ್‌ಗೆ ಇಟ್ಟ ಹಣವನ್ನು ಮುಟ್ಟಬೇಡಿ. ಎಸ್‌ಎಸ್‌ಡಿಯಿಂದ ಗೇಮ್ ಬೇಗ ತೆರೆದುಕೊಳ್ಳುತ್ತದೆ. ಆಟದ ನಡುವಿನ ಎಫ್‌ಪಿಎಸ್ ಅದರಿಂದ ಸಾಮಾನ್ಯವಾಗಿ ಹೆಚ್ಚುವುದಿಲ್ಲ, ಹಾಗಾಗಿ ದುಬಾರಿ ಮಾದರಿ ಬೇಕಿಲ್ಲ.

ಭಾಗಗಳು ಒಂದಕ್ಕೊಂದು ಹೊಂದಬೇಕು

ರೈಜನ್ 5 5600 ಕೂರುವುದು ಎಎಂ4 ಬೋರ್ಡ್‌ನಲ್ಲಿ. ಅದಕ್ಕೆ ಡಿಡಿಆರ್4 ರ‍್ಯಾಮ್ ಬೇಕು. ರೈಜನ್ 5 7600ಕ್ಕೆ ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದೇ ಇಲ್ಲ. ಎಎಂ4 ಅಗ್ಗ, ಆದರೆ ಅದು ದಾರಿಯ ಕೊನೆ. ನಾಲ್ಕೈದು ವರ್ಷದ ನಂತರ ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸುವ ಆಸೆಯಿದ್ದರೆ ಎಎಂ5 ಲೇಸು.

ಇಂಟೆಲ್ ಚಿಪ್‌ನ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ರೈಜನ್ 5 5600ರಲ್ಲೂ ಇಲ್ಲ. ಗ್ರಾಫಿಕ್ಸ್ ಕಾರ್ಡ್ ರಿಪೇರಿಗೆ ಹೋದರೆ ಪರದೆಯಲ್ಲಿ ಏನೂ ಬರುವುದಿಲ್ಲ ಎಂಬುದು ನೆನಪಿರಲಿ.

ಹಣ ಕೊಡುವ ಮುನ್ನ, ಜೋಡಿಸಿದ ನಂತರ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಈ ಪ್ರಶ್ನೆಗಳನ್ನು ಕೇಳಿ: ಪ್ರೊಸೆಸರ್‌ನ ಪೂರ್ತಿ ಸಂಖ್ಯೆ ಏನು? ಗ್ರಾಫಿಕ್ಸ್ ಕಾರ್ಡ್‌ನ ಪೂರ್ತಿ ಹೆಸರೇನು? ಎಸ್‌ಎಂಪಿಎಸ್ ಯಾವ ಕಂಪನಿಯದು, ಯಾವ ಮಾದರಿ? ಭಾಗಗಳು ಹೊಸವೋ ಹಳೆಯವೋ? ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಇರುವ ಜಿಎಸ್‌ಟಿ ಬಿಲ್ ಪಡೆಯಿರಿ. ಖಾಲಿ ಡಬ್ಬಿಗಳನ್ನೂ ಇಟ್ಟುಕೊಳ್ಳಿ.

ಜೋಡಿಸಿದ ಮೇಲೆ ಮೂರು ಸಂಗತಿ ಪರೀಕ್ಷಿಸಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಚುಚ್ಚಿದೆಯೇ? ಬೋರ್ಡ್‌ಗೆ ಚುಚ್ಚಿದರೆ ಕೊಟ್ಟ ಹಣ ವ್ಯರ್ಥ. 144 ಹರ್ಟ್ಸ್ ಮಾನಿಟರ್ ವಿಂಡೋಸ್ ಸೆಟ್ಟಿಂಗ್‌ನಲ್ಲಿ 60ರಲ್ಲೇ ನಿಂತಿದೆಯೇ? ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಆಗಿದೆಯೇ? ಇಲ್ಲದಿದ್ದರೆ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡದಿರಬಹುದು.

ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಮೊದಲು ಇದನ್ನು ಮಾಡಿ ನೋಡಿ. ಗೇಮ್‌ನ ರೆಸಲ್ಯೂಷನ್ ತಗ್ಗಿಸಿ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಸೋಲುತ್ತಿರುವುದು ಗ್ರಾಫಿಕ್ಸ್ ಕಾರ್ಡ್. ಏರದಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆ ತೊಂದರೆ. ಒಂದೇ ಭಾಗ ಬದಲಿಸಿದರೆ ಸಾಕಾಗುವ ಕಡೆ ಇಡೀ ಕಂಪ್ಯೂಟರ್ ಕೊಳ್ಳಬೇಕಿಲ್ಲ.

ಇನ್ನೊಮ್ಮೆ ಇಂಥ ಜಾಹೀರಾತು ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಮೂರು ಹೆಸರು ಹುಡುಕಿ: ಪ್ರೊಸೆಸರ್‌ನ ಸಂಖ್ಯೆ, ಗ್ರಾಫಿಕ್ಸ್ ಕಾರ್ಡ್‌ನ ಮಾದರಿ, ಎಸ್‌ಎಂಪಿಎಸ್‌ನ ಕಂಪನಿ. ಮೂರರಲ್ಲಿ ಒಂದು ಕಾಣದಿದ್ದರೂ ಆ ಸಂದೇಶ ನಿಮ್ಮ ಫೋನ್‌ನಲ್ಲೇ ನಿಲ್ಲಲಿ.