ಹಾಳುಬಾವಿಯ ಕಬ್ಬಿಣದ ಕೊಳವೆಗಳು

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಊರಿದೆ. ಹೆಸರು ನಗರ, ಊರು ಹಳ್ಳಿ. ಹಿಂದೆ ಇದು ಬಿದನೂರು. ಕೆಳದಿ ಅರಸರ ರಾಜಧಾನಿ. ಬಿದಿರಿನ ಊರು ಎಂಬುದೇ ಆ ಹೆಸರಿನ ಮೂಲ. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರ್‌ನಗರವೆಂದು ಕರೆದನು. ಜನರ ಬಾಯಲ್ಲಿ ಹೈದರ್ ಕಳಚಿಹೋಗಿ ನಗರ ಮಾತ್ರ ಉಳಿಯಿತು.

ಈ ಊರಿನ ಕೃಷಿಕರೊಬ್ಬರ ಜಮೀನಿನಲ್ಲಿದ್ದ ಹಾಳುಬಾವಿಯ ಹೂಳು ತೆಗೆಯುವಾಗ, 2002ರಲ್ಲಿ, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಒಂದೆರಡಲ್ಲ, ನೂರಕ್ಕೂ ಹೆಚ್ಚು. ನೀರೆತ್ತುವ ಪಂಪಿನ ಭಾಗವೆನ್ನೋಣವೆಂದರೆ ಅಷ್ಟೊಂದು ಏಕೆ? ಬಂಡಿಯ ಅಚ್ಚೆನ್ನೋಣವೆಂದರೆ ಗೇಣುದ್ದದ ಅಚ್ಚು ಎಲ್ಲಿಯದು? ಹಳೆಯ ಕಾಲದ ತೋಪಿನ ಶೆಲ್ಲುಗಳಿರಬೇಕೆಂದು ತೀರ್ಮಾನವಾಗಿ ಅವು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯಕ್ಕೆ ಸೇರಿದವು. ಆ ಹೆಸರಿನಲ್ಲೇ ವರ್ಷಗಟ್ಟಲೆ ಅಲ್ಲಿ ಬಿದ್ದಿದ್ದವು. ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಇದು ಅಪರಿಚಿತ ಸಂಗತಿಯೇನಲ್ಲ. ಕಡತದ ಮೇಲೆ ಒಮ್ಮೆ ತಪ್ಪು ಶೀರ್ಷಿಕೆ ಬಿತ್ತೆಂದರೆ ಅದನ್ನು ಬಿಚ್ಚಿ ನೋಡುವವರು ಯಾರು?

ಆದರೆ ಶೆಲ್ ಎಂಬ ಊಹೆ ನಿಲ್ಲುವುದು ಕಷ್ಟ. ಶೆಲ್ ಎಂದರೆ ಒಳಗೆ ಮದ್ದು ತುಂಬಿ ತೋಪಿನಿಂದ ಹಾರಿಸುವ ಸಿಡಿಗುಂಡು. ಹದಿನೆಂಟನೆಯ ಶತಮಾನದ ತೋಪುಗಳ ನಳಿಗೆ ಒಳಗೆ ನುಣುಪು. ಅವುಗಳ ಗುಂಡೂ ಶೆಲ್ಲೂ ಚೆಂಡಿನಂತೆ ದುಂಡು. ಉದ್ದನೆಯ ಶೆಲ್ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ನಳಿಗೆಯೊಳಗೆ ಸುರುಳಿಗೆರೆ ಕೊರೆದ ತೋಪುಗಳ ಜೊತೆಗೆ. ಇನ್ನೊಂದು ಮಾತು: ಶೆಲ್ ಒಡೆದು ಚೂರಾಗಲೆಂದೇ ಮಾಡಿದ್ದು, ದಪ್ಪನೆಯ ಎರಕದ ಕಬ್ಬಿಣ. ಬಾವಿಯಲ್ಲಿ ಸಿಕ್ಕವು ಕೊಳವೆಗಳು. ಕೊಳವೆಯೊಳಗೆ ಮದ್ದು ತುಂಬಿ, ಒಂದು ಬಾಯಿ ಮುಚ್ಚಿ, ಇನ್ನೊಂದು ಕಡೆ ಕಿರಿದಾದ ರಂಧ್ರ ಬಿಟ್ಟರೆ ಅದು ಸಿಡಿಯುವ ವಸ್ತುವಲ್ಲ, ಹಾರುವ ವಸ್ತು. ಮಕ್ಕಳು ದೀಪಾವಳಿಯಲ್ಲಿ ಸೀಸೆಯೊಳಗೆ ನಿಲ್ಲಿಸಿ ಹಚ್ಚುವ ರಾಕೆಟ್ಟಿನ ಅಜ್ಜನೇ ಇದು. ಮೈಸೂರಿನವರು ಇದನ್ನು ಬಾಣವೆಂದೇ ಕರೆಯುತ್ತಿದ್ದರು.

ಹೋಲಿಸಿ ನೋಡಲು ಮಾದರಿಗಳೂ ಇದ್ದವು. ಲಂಡನ್ನಿನ ವುಲಿಚ್‌ನಲ್ಲಿದ್ದ ತೋಪುಪಡೆಯ ವಸ್ತುಸಂಗ್ರಹದಲ್ಲಿ ಮೈಸೂರಿನ ಎರಡು ರಾಕೆಟ್ಟುಗಳಿದ್ದವು. ಒಂದರ ಕೊಳವೆ ಸುಮಾರು 25 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರಿನಷ್ಟು ದಪ್ಪ. ಅದನ್ನು ತೊಗಲಿನ ಪಟ್ಟಿಗಳಿಂದ ಒಂದು ಮೀಟರ್ ಉದ್ದದ ಕತ್ತಿಯ ಅಲಗಿಗೆ ಬಿಗಿಯಲಾಗಿತ್ತು. ಇನ್ನೊಂದು ತುಸು ಚಿಕ್ಕದು. ಅದಕ್ಕೆ ಆರಡಿಗೂ ಮೀರಿದ ಬಿದಿರುಗಳು. ನಗರದ ಬಾವಿಯಲ್ಲಿ ಬಿದಿರೂ ತೊಗಲೂ ಇಲ್ಲದೆ ಬರಿಯ ಕೊಳವೆ ಸಿಕ್ಕಿದ್ದರಿಂದಲೇ ಗುರುತು ಹಿಡಿಯುವುದು ತಡವಾಗಿರಬೇಕು. ಬಾಲವಿಲ್ಲದ ಗಾಳಿಪಟವನ್ನು ಕಂಡು ಬರಿಯ ಕಾಗದವೆಂದಂತೆ.

2018ರ ಜುಲೈಯಲ್ಲಿ ರಾಜ್ಯದ ಪುರಾತತ್ವ ಇಲಾಖೆಯವರು ಅದೇ ಬಾವಿಯನ್ನು ಕ್ರಮವಾಗಿ ಅಗೆದರು. ಮಣ್ಣಿನಲ್ಲಿ ಮದ್ದಿನ ವಾಸನೆ ಇತ್ತಂತೆ. ಕೋವಿಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಪೆಟ್ಲುಪ್ಪು ನೀರಿನಲ್ಲಿ ಕರಗಿಹೋಗುತ್ತದೆ. ಗಂಧಕವೂ ಇದ್ದಿಲೂ ಕರಗವು. ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಉದ್ದ 23ರಿಂದ 26 ಸೆಂಟಿಮೀಟರ್. ವುಲಿಚ್‌ನ ದೊಡ್ಡ ಮಾದರಿಗೆ ಇದು ಸರಿಹೊಂದುತ್ತದೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಮೈಸೂರಿನ ರಾಕೆಟ್ಟು ಜಗತ್ತಿನ ಬೇರೆಲ್ಲೂ ಸಿಕ್ಕಿಲ್ಲ.

ಗೇಣುದ್ದದ ಈ ಕೊಳವೆಗೆ ಏಕಿಷ್ಟು ಮಹತ್ವ? ರಾಕೆಟ್ಟು ಹೊಸದೇನಲ್ಲ, ಚೀನೀಯರು ಬಹು ಹಿಂದೆಯೇ ಬಲ್ಲರು. ಆದರೆ ಕಾಗದದ ಅಥವಾ ಬಿದಿರಿನ ಕೊಳವೆ ಹೆಚ್ಚು ಒತ್ತಡ ತಾಳದೆ ಒಡೆಯುತ್ತದೆ. ಕಬ್ಬಿಣದ್ದಾದರೆ ಮದ್ದನ್ನು ಗಟ್ಟಿಯಾಗಿ ಇಡುಕಬಹುದು. ಒಳಗಿನ ಒತ್ತಡ ಏರುತ್ತದೆ, ನೂಕುಬಲ ಹೆಚ್ಚುತ್ತದೆ, ಬಾಣ ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತದೆ. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ ಅವರು 1985ರಲ್ಲೇ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಬರೆದು ಈ ಅಂಶವನ್ನು ಎತ್ತಿ ತೋರಿಸಿದ್ದರು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಸೋತದ್ದು ಅದರ ಮದ್ದಿನ ಬಂಡಿಗಳು ಸಿಡಿದ ಮೇಲೆ. ಮೈಸೂರಿನ ಬಾಣವೇ ಕಾರಣವೆಂದು ಹಲವರು ಬರೆದಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಯುದ್ಧದ ಚಿತ್ರವಿದೆ. ಸಿಡಿಯುತ್ತಿರುವ ಬಂಡಿಯೂ ಅದರಲ್ಲಿದೆ. ರಜೆಯಲ್ಲಿ ಹೋದಾಗ ನಾವು ಆನೆ ಕುದುರೆ ನೋಡಿ ಹೊರಬರುತ್ತೇವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರಿಗೆ ಸಿದ್ಧವಾಗಿದ್ದ 700 ರಾಕೆಟ್ಟುಗಳೂ 9000 ಖಾಲಿ ಕೊಳವೆಗಳೂ ದೊರೆತವೆಂಬ ಲೆಕ್ಕವಿದೆ. ಮಾದರಿಗಳು ವುಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಅಭ್ಯಾಸ ಮಾಡಿ ತನ್ನದೇ ರಾಕೆಟ್ಟು ತಯಾರಿಸಿದನು. 1807ರಲ್ಲಿ ಕೋಪನ್‌ಹೇಗನ್ ಅದರಿಂದ ಉರಿಯಿತು, 1814ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮೇಲೆ ಅದು ಹಾರಿತು. ಅಮೆರಿಕದವರ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟು ಇದೇ. ಬಾಲ್ಟಿಮೋರಿನ ಕಥೆ ಅಲ್ಲಿಯ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ನಗರದ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಹಳೆಯ ಮನೆ, ಹಿತ್ತಿಲು, ಮುಚ್ಚಿದ ಬಾವಿ ಇವೆ. ಮನೆ ಕೆಡವಿ ಕಟ್ಟುವಾಗ, ಪಾಲು ಮಾಡಿ ಮಾರುವಾಗ ಏನಾದರೊಂದು ಸಿಗುತ್ತದೆ, ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಸರ್ಕಾರಕ್ಕೆ ಹೇಳಿದರೆ ಜಮೀನೇ ಹೋದೀತೆಂಬ ಭಯ ಬೇರೆ. ಮದ್ದಿನ ಗುಮಾನಿ ಇರುವ ಕಬ್ಬಿಣವನ್ನು ಸುತ್ತಿಗೆಯಿಂದ ಬಡಿಯದೆ, ಅಲ್ಲಿಯೇ ಬಿಟ್ಟು ಪೊಲೀಸರಿಗೆ ತಿಳಿಸಬೇಕು. ಉಳಿದುದಕ್ಕೆ ಕಾನೂನು ಜನ ಹೆದರುವಷ್ಟು ಕಠಿಣವಲ್ಲ. ಕರ್ನಾಟಕದ್ದು 1962ರ ಕಾಯಿದೆ. ಅದಕ್ಕೂ ಹಿಂದಿನದು 1878ರ ನಿಧಿ ಕಾಯಿದೆ. ಆ ಹಳೆಯ ಕಾಯಿದೆಯಂತೆ ಹತ್ತು ರೂಪಾಯಿಗೆ ಮೀರಿದ ವಸ್ತು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಮೂಲ ಒಡೆಯರು ಯಾರೂ ಬಾರದೆ, ನೆಲದ ಯಜಮಾನನೊಡನೆ ಬೇರೆ ಒಪ್ಪಂದವೂ ಇಲ್ಲದಿದ್ದರೆ ಮುಕ್ಕಾಲು ಪಾಲು ಕಂಡುಹಿಡಿದವನಿಗೆ, ಕಾಲು ಪಾಲು ಯಜಮಾನನಿಗೆ. ಸರ್ಕಾರವೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲು ಹೆಚ್ಚಿಗೆ ಕೊಡಬೇಕು. ಗುಜರಿಯವನು ಅಷ್ಟು ಕೊಡುವುದಿಲ್ಲ.